ಹನ್ನೊಂದು ಬೋಳು ಸಾಲು

ಮುಚ್ಚಿದ ಮುಷ್ಟಿಯೊಂದರ ತಳದಿಂದ ರಾಗಿ ನೂಲಿನ ಎಳೆಯಂತೆ ಇಳಿಯುತ್ತಿರುತ್ತದೆ. ದೊಡ್ಡಪ್ಪನನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದು. ಮುಖ ಆಮೇಲೆ ಬರುತ್ತದೆ. ಕಪ್ಪಗೆ ಬಿರಿದ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜುತ್ತ, ಜಪಮಣಿ ಎಣಿಸುವವರ ಹಾಗೆ, ಕಾಳುಗಳನ್ನು ಒಂದೊಂದಾಗಿ ಕಳಿಸಿಕೊಡುತ್ತದೆ. ಎಳೆ ಎಲ್ಲಿಯೂ ತುಂಡಾಗುವುದಿಲ್ಲ, ಎಲ್ಲಿಯೂ ದಪ್ಪವಾಗುವುದಿಲ್ಲ. ಅರವತ್ತು ಮುಂಗಾರು ಬಿತ್ತಿದ ಕೈ ಅದು. ಆ ಕೈಗೆ ನಾನು ಮಾಡಿದ್ದನ್ನು ಇಂದು ಹೇಳಬೇಕಾಗಿದೆ. ಹಿಂದೆ ಒಮ್ಮೆ ಹೇಳಿದ್ದೆ, ಯಾರೂ ನಂಬಲಿಲ್ಲ. ಅದು ಹೇಗೆಂಬುದೂ ಈ ಕತೆಯಲ್ಲೇ ಬರುತ್ತದೆ.

ಅವರ ಹೆಸರು ಸಣ್ಣೀರಪ್ಪ, ನನ್ನ ತಂದೆಯ ಅಣ್ಣ. ನಾನು ನಾಲ್ಕು ವರ್ಷದವನಿದ್ದಾಗ ಅಪ್ಪ ತೀರಿಕೊಂಡ; ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಮಕ್ಕಳಿಲ್ಲದ ದೊಡ್ಡಪ್ಪ, ದೊಡ್ಡಮ್ಮ ನನ್ನನ್ನು ಸಾಕಿದರು. ಸಾಕಿದರು ಎನ್ನುವ ಮಾತನ್ನು ಅವರ ಮುಂದೆ ಯಾರಾದರೂ ಆಡಿದರೆ ದೊಡ್ಡಪ್ಪ ಸಿಡುಕುತ್ತಿದ್ದರು. "ಸಾಕೋದು ಎತ್ತು ಎಮ್ಮೇನ. ಇವನು ಮನೇಲಿ ಹುಟ್ಟಿದೋನು."

ಹೊಲವೇ ಅವರ ಮನೆ, ಮನೆ ಅವರಿಗೆ ಹೊಲದ ಹಿತ್ತಲು. ಮದುವೆಯಾದ ಮೂರನೆಯ ದಿನ ಹೆಣ್ಣಿನ ಮನೆಯಲ್ಲಿ ಎಲೆ ಹಾಕಿ ಪಾಯಸ ಬಡಿಸುತ್ತಿದ್ದಾಗ ಗುಡುಗಿತಂತೆ. ಮದುಮಗ ಎದ್ದು ಕೈತೊಳೆದವನೇ ಹನ್ನೆರಡು ಮೈಲಿ ನಡೆದು ಬಂದು ಬಿತ್ತನೆ ಮಾಡಿದನಂತೆ. ದೊಡ್ಡಮ್ಮ ಇದನ್ನು ಜೀವಮಾನವಿಡೀ ಹೇಳಿದಳು. "ನನಗೆ ಸವತಿ ಇದ್ದಾಳೆ ಅಂತ ನಮ್ಮಪ್ಪಂಗೆ ಯಾರೂ ಹೇಳಿರಲಿಲ್ಲ ಕಣಪ್ಪ. ಆರು ಎಕರೆ ಅಗಲ ಅವಳು!" ದೊಡ್ಡಪ್ಪ ತುಟಿಯ ತುದಿಯಲ್ಲಿ ನಗುತ್ತಿದ್ದರು.

ಮಳೆ ಬಿದ್ದ ಮಾರನೆಯ ದಿನ ಹೊಲದ ಮಣ್ಣನ್ನು ಉಂಡೆ ಕಟ್ಟಿ, ಮಂಡಿಯ ಎತ್ತರದಿಂದ ಬಿಡುತ್ತಿದ್ದರು. ಬಿದ್ದ ಉಂಡೆ ಮೂರು ಹೋಳಾದರೆ ಹದ ಬಂದಿದೆ ಎಂದರ್ಥ. ಚಪ್ಪಟೆಯಾದರೆ ಇನ್ನೂ ಕಾಯಬೇಕು. ಪುಡಿಯಾದರೆ ಹದ ಮೀರಿತು. ಹದ ಸಿಕ್ಕ ದಿನ ತಲೆಗೆ ನೀರು ಹಾಕಿಕೊಂಡು, ಬೀಜದ ವಲ್ಲಿಯನ್ನು ಸೊಂಟಕ್ಕೆ ಮಡಿಲಿನಂತೆ ಕಟ್ಟಿಕೊಂಡು, ಹೊಲಕ್ಕೆ ಇಳಿಯುವ ಮೊದಲು ಕೈಮುಗಿದು ಒಂದು ಮಾತು ಆಡುತ್ತಿದ್ದರು. "ನೀನು ಕೊಟ್ಟದ್ದನ್ನೇ ನಿನಗೆ ಕೊಡ್ತಾ ಇದೀನಿ ತಾಯೀ. ನಗಬೇಡ."

ಅವರ ಕೈಗುಣವನ್ನು ಊರೇ ನಂಬಿತ್ತು. ಬಿತ್ತನೆಗೆ ಮೊದಲು ಊರಮ್ಮನ ಗುಡಿಯ ಮುಂದೆ ಬೀಜದ ಪೂಜೆ ನಡೆಯುತ್ತಿತ್ತು. ನಲವತ್ತು ಮನೆಯವರೂ ಒಂದೊಂದು ಹಿಡಿ ಬೀಜ ತಂದು ಕಂಬಳಿಯ ಮೇಲೆ ಸುರಿಯುತ್ತಿದ್ದರು. ದೊಡ್ಡಪ್ಪ ಅದನ್ನೆಲ್ಲ ಬೆರೆಸಿ, ಮತ್ತೆ ಒಂದೊಂದು ಹಿಡಿ ತಮ್ಮ ಕೈಯಾರೆ ಹಿಂದಕ್ಕೆ ಕೊಡುತ್ತಿದ್ದರು. ಆ ಹಿಡಿ ಬೀಳದೆ ಯಾವ ಹೊಲದಲ್ಲೂ ಕೂರಿಗೆ ಹೂಡುತ್ತಿರಲಿಲ್ಲ.

ನಾನು ಓದಲೆಂದು ಪೇಟೆಗೆ ಹೋಗಿ, ಎರಡು ಸಲ ಪರೀಕ್ಷೆಯಲ್ಲಿ ಬಿದ್ದು, ಇಪ್ಪತ್ತೆರಡನೆಯ ವಯಸ್ಸಿಗೆ ಊರಿಗೆ ಮರಳಿದೆ. ದೊಡ್ಡಪ್ಪ ಒಂದು ಮಾತೂ ಕೇಳಲಿಲ್ಲ. ದನದ ಹಟ್ಟಿಯ ಹಿಂದೆ ಮರಳು ಹರವಿ, ಮುಷ್ಟಿಯಿಂದ ಎಳೆ ಇಳಿಸುವುದನ್ನು ಕಲಿಸತೊಡಗಿದರು. ಊರು ಮಾತ್ರ ಸುಮ್ಮನಿರಲಿಲ್ಲ. ಅದರಲ್ಲೂ ಗವಿಯಪ್ಪ. ನಮ್ಮ ಹೊಲದ ಪಕ್ಕದ ಹೊಲದವನು, ನಾಲಿಗೆಗೆ ಮೂಳೆಯಿಲ್ಲದವನು. "ಪುಸ್ತಕದ ಬದನೆಕಾಯಿ ಪೇಟೇಲಿ ಬೇಯಲಿಲ್ಲ ಅಂತ ಇಲ್ಲಿಗೆ ತಂದವ್ರೆ" ಎಂದು ಎಲ್ಲರ ಮುಂದೆ ಅಂದಿದ್ದ. ಒಳಗೊಳಗೇ ಬೆಂದಿದ್ದೆ. ನಾನೂ ಒಕ್ಕಲಿನವನೇ ಎಂದು ಈ ಊರಿನ ಬಾಯಿಂದ ಹೇಳಿಸಬೇಕೆಂಬ ಹಟ ಒಂದೇ ಆಗ ನನಗಿದ್ದದ್ದು.

ಎರಡು ವರ್ಷ ಕಳೆದ ಮೇಲೆ ಆ ಮುಂಗಾರು ಬಂತು. ನಮ್ಮ ಬಲದೆತ್ತಿನ ಗೊರಸು ಒಡೆದಿತ್ತು. ಹೊಳೆಯಾಚೆಯ ಊರಿನ ಬೋರಯ್ಯನೆಂಬವನು ತನ್ನ ಜೋಡೆತ್ತು ಹೊಡೆದುಕೊಂಡು ಬಿತ್ತನೆಗೆ ಬಂದಿದ್ದ.

ಕೂರಿಗೆಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಮೇಲೆ ಮರದ ಬಟ್ಟಲು. ಬಟ್ಟಲಿನ ತಳದಲ್ಲಿ ನಾಲ್ಕು ತೂತು. ಒಂದೊಂದು ತೂತಿಗೂ ಒಂದೊಂದು ಬಿದಿರಿನ ಕೊಳವೆ. ಎತ್ತು ಎಳೆದಂತೆ ಕೊಳವೆಗಳ ಬಾಯಿ ನೆಲದೊಳಗೆ ಸಾಗುತ್ತದೆ. ಒಬ್ಬ ಎತ್ತು ಹೊಡೆಯುತ್ತಾನೆ, ಇನ್ನೊಬ್ಬ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುತ್ತಾನೆ. ಬದುವಿನಿಂದ ಬದುವಿಗೆ ಒಮ್ಮೆ ಹಾದರೆ ನಾಲ್ಕು ಸಾಲು. ಎತ್ತು ತಿರುಗಿಸಿ ಕೂರಿಗೆ ಮತ್ತೆ ಇಳಿಸುವಾಗ ಒದ್ದೆ ಮಣ್ಣು ಕೊಳವೆಯ ಬಾಯಿಗೆ ಕಚ್ಚಿಕೊಳ್ಳುವುದುಂಟು. ಕಚ್ಚಿಕೊಂಡರೆ ಬೀಜ ಕೊಳವೆಯೊಳಗೇ ಉಳಿಯುತ್ತದೆ, ನೆಲ ಸೇರುವುದಿಲ್ಲ. ಮೇಲಿನಿಂದ ಅದು ತಿಳಿಯುವುದೂ ಇಲ್ಲ. ಬಿತ್ತುವವನ ತಪ್ಪು ಎಂಟು ದಿನ ನೆಲದಡಿ ಅಡಗಿದ್ದು, ಒಂಬತ್ತನೆಯ ದಿನ ಹಸಿರಾಗಿ ಎದ್ದು ಊರಿಗೆಲ್ಲ ಹೇಳುತ್ತದೆ.

ದೊಡ್ಡಪ್ಪ ಆಚೆ ಬೇಲಿಯ ಕಡೆಯಿಂದ ಬಿತ್ತಿಕೊಂಡು ಬರುತ್ತಿದ್ದರು. ಹೊತ್ತು ಮೂರು ಮಾರು ಏರಿತ್ತು. ಅಷ್ಟರಲ್ಲಿ ಕೆಳಗಿನ ಕೇರಿಯ ಹನುಮಕ್ಕ ಸೆರಗು ಬಿಗಿದುಕೊಂಡು ಓಡಿಬಂದಳು.

"ಸಣ್ಣೀರಣ್ಣಾ, ಹಸೂಗೆ ಕರ ಅಡ್ಡ ಬಿದ್ದದೆ, ಕಾಲು ಮುಂದೆ ಬಂದದೆ! ಬಾರಣ್ಣೋ, ಇರೋದೊಂದು ಹಸು!"

ಕರು ತಿರುಗಿಸಿ ಎಳೆಯುವ ವಿದ್ಯೆ ಊರಿನಲ್ಲಿ ದೊಡ್ಡಪ್ಪನೊಬ್ಬರಿಗೇ ಗೊತ್ತಿತ್ತು. ಅವರು ಮೋಡ ನೋಡಿದರು, ಹೊಲ ನೋಡಿದರು, ನನ್ನನ್ನು ನೋಡಿದರು. ವಲ್ಲಿ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದರು.

"ಎಳೆ ತುಂಡಾಗ್ದೆ ಬಿಡು ಮಗಾ. ತಿರುಗಿದಾಗೆಲ್ಲ ಬಗ್ಗಿ ನಾಲ್ಕು ಬಾಯೂ ನೋಡು. ಬಗ್ಗೋಕೆ ಬೇಜಾರು ಮಾಡ್ಕೋಬೇಡ."

ದೊಡ್ಡಪ್ಪ ಅತ್ತ ಹೋದರು. ಗವಿಯಪ್ಪ ಇತ್ತ ತನ್ನ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹೊಗೆಸೊಪ್ಪು ತಿಕ್ಕತೊಡಗಿದ. "ಓಹೋ, ಪಂಡಿತರು ಬಿತ್ತುತಾವ್ರೆ! ರಾಗಿ ಮೂಡ್ತದೋ, ಅಕ್ಷರ ಮೂಡ್ತವೋ!" ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಕ್ಕರು.

ಎತ್ತು ತಿರುಗಿಸಿ ಮೊದಲ ಸಲ ಕೂರಿಗೆ ಇಳಿಸುವಾಗ ಬಗ್ಗಲು ಹೊರಟೆ. ಬಗ್ಗಿದರೆ, ಕಲಿಯುವವನು ಪ್ರತಿ ಸಲ ತಡಕಾಡುತ್ತಾನೆ ಎಂದು ಇವನು ಮತ್ತೆ ನಗುತ್ತಾನೆ ಅನ್ನಿಸಿತು. ಬಗ್ಗಲಿಲ್ಲ. ಎದೆ ಸೆಟೆಸಿ ಮುಂದೆ ನಡೆದೆ. ಎರಡನೆಯ ತಿರುವಿನಲ್ಲೂ ಬಗ್ಗಲಿಲ್ಲ. ಮೂರನೆಯದರ ಹೊತ್ತಿಗೆ ಬಗ್ಗದಿರುವುದೇ ರೂಢಿಯಾಗಿತ್ತು. ನನ್ನ ಮುಷ್ಟಿಯಿಂದ ಎಳೆ ಚೆನ್ನಾಗಿಯೇ ಇಳಿಯುತ್ತಿತ್ತು; ಅದನ್ನು ನೋಡಿ ನಾನೇ ಮರುಳಾಗಿದ್ದೆ. ಗವಿಯಪ್ಪ ಬೇಸತ್ತು ಎದ್ದುಹೋದ. ಹನ್ನೊಂದನೆಯ ಸಲ ಹಾದು ಬದು ಮುಟ್ಟಿದಾಗ ಬಟ್ಟಲಿನತ್ತ ಕಣ್ಣು ಹೋಯಿತು. ಎಡಗಡೆಯಿಂದ ಎರಡನೆಯ ತೂತಿನಲ್ಲಿ ರಾಗಿ ಬಾಯಿವರೆಗೂ ತುಂಬಿ ನಿಂತಿತ್ತು.

ಬೋರಯ್ಯ ನೊಗದ ಹಗ್ಗ ಬಿಗಿಯುತ್ತಿದ್ದ. ಆಗ ಬಗ್ಗಿದೆ. ಕೊಳವೆಯ ಬಾಯಲ್ಲಿ ಜೇಡಿ ಗಟ್ಟಿಯಾಗಿ ಕೂತಿತ್ತು. ಕಡ್ಡಿಯಿಂದ ಚುಚ್ಚಿದೆ. ಕೊಳವೆಯಲ್ಲಿ ಉಳಿದಿದ್ದ ರಾಗಿಯೆಲ್ಲ ಒಂದೇ ಕಡೆ ಜರ್ರನೆ ಸುರಿಯಿತು. ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ. ಈಗ ತಾನೇ ಕಚ್ಚಿಕೊಂಡಿರಬೇಕು, ಹೋದರೆ ಒಂದು ಸಾಲು ಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ. ಒಂದೇ ಸಾಲಿನ ಬೀಜಕ್ಕೆ ಕೊಳವೆ ತುಂಬುವುದಿಲ್ಲ ಎಂಬ ಲೆಕ್ಕ ನನಗೆ ಬರುತ್ತಿರಲಿಲ್ಲವೆಂದಲ್ಲ. ಅದನ್ನು ಮಾಡಲಿಲ್ಲ, ಅಷ್ಟೆ.

ದೊಡ್ಡಪ್ಪ ಮೊಣಕೈವರೆಗೆ ತೊಳೆದುಕೊಂಡು, ಮೈತುಂಬ ಗಿಣ್ಣಿನ ವಾಸನೆ ಹೊತ್ತು, ನಗುತ್ತ ಬಂದರು. "ಹೆಣ್ಣು ಕರ ಕಣೋ! ಹಣೇಲಿ ಚುಕ್ಕಿ. ಎಲ್ಲಿಗೆ ಬಂತು ನಿಂದು?"

"ಇಲ್ಲಿಗೆ ಬಂತು ದೊಡ್ಡಪ್ಪ."

"ಬಗ್ಗಿ ನೋಡಿದೆ ತಾನೆ?"

"ನೋಡಿದೆ."

ಅವರು ವಲ್ಲಿ ಕಟ್ಟಿಕೊಂಡು ಉಳಿದದ್ದನ್ನು ದಾರಿಯವರೆಗೆ ಬಿತ್ತಿ ಮುಗಿಸಿದರು. ಸಂಜೆಗೆ ಬೋರಯ್ಯ ಹಲುಬೆ ಹೊಡೆದು ಹೊಲವನ್ನೆಲ್ಲ ಸಮ ಮಾಡಿದ. ಯಾರ ಹೆಜ್ಜೆಯ ಗುರುತೂ ಉಳಿಯಲಿಲ್ಲ. ಮಾರನೆಯ ದಿನ ಅವನು ತನ್ನೂರಿಗೆ ಹೋದ.

ಒಂಬತ್ತನೆಯ ದಿನ ಬೆಳಗ್ಗೆ ದಾರಿಯಲ್ಲಿ ಜನ ನಿಂತಿದ್ದರು. ಹೊಲ ಹಸಿರು ಪಟ್ಟೆಯ ಸೀರೆ ಹರವಿದಂತಿತ್ತು. ನಟ್ಟನಡುವೆ ಮಾತ್ರ ಕೂರಿಗೆ ಹಾದ ಪ್ರತಿ ನಾಲ್ಕು ಸಾಲಿನಲ್ಲಿ ಮೂರು ಹಸಿರು, ಒಂದು ಬೋಳು. ಹೀಗೆ ಹನ್ನೊಂದು ಬೋಳು ಸಾಲು. ಕೊನೆಯದರ ತುದಿಯಲ್ಲಿ, ಬದುವಿನ ಹತ್ತಿರ, ಮೊರದಗಲದ ಒತ್ತು ಪೈರು ಒಂದೇ ಕಡೆ ಗುಂಪಾಗಿ ಎದ್ದಿತ್ತು.

"ಏನಣ್ಣಾ ಇದು" ಎಂದ ಗವಿಯಪ್ಪ, "ಹೊಲಕ್ಕೆ ತಲೆ ಬಾಚಿ ಬೈತಲೆ ತೆಗೆದಿದ್ದೀಯ! ಒಂದು ಸಾಲ್ದು ಅಂತ ಹನ್ನೊಂದು!"

ಎಲ್ಲರೂ ನಕ್ಕರು. ಆಮೇಲೆ ನಕ್ಕಿದ್ದಕ್ಕೇ ಹೆದರಿದವರಂತೆ ಸುಮ್ಮನಾದರು. ಸಣ್ಣೀರಪ್ಪನ ಹೊಲದಲ್ಲಿ ಬೋಳು ಸಾಲನ್ನು ಅಲ್ಲಿ ಯಾರೂ ಕಂಡವರಲ್ಲ.

ದೊಡ್ಡಪ್ಪ ಆ ಒತ್ತು ಪೈರಿನ ಮುಂದೆ ಕೂತು, ಬೆರಳಿಂದ ಅದನ್ನು ಸವರಿದರು. ನನ್ನತ್ತ ತಿರುಗಿದರು.

"ನೀನು ಬಿತ್ತಿದ್ದು ಎಲ್ಲಿಂದ ಎಲ್ಲಿಗೆ ಮಗಾ?"

ಹದಿನೈದು ಜನ ನನ್ನ ಮುಖ ನೋಡುತ್ತಿದ್ದರು. ಗವಿಯಪ್ಪ ನಾನು ಬಿತ್ತುವುದನ್ನು ಕಂಡಿದ್ದ, ನಿಜ. ಆದರೆ ಉತ್ತ ಹೊಲದಲ್ಲಿ ಒಂದು ಜಾಗ ಇನ್ನೊಂದರ ಹಾಗೇ ಇರುತ್ತದೆ, ಇಂಥಲ್ಲೇ ಎಂದು ಅವನಿಗೆ ಗುರುತಿರಲಿಲ್ಲ. ನಾನು ಕೈ ಎತ್ತಿ, ಬೋಳು ಸಾಲುಗಳಿಂದ ಈಚೆ, ದಾರಿಯ ಪಕ್ಕದಲ್ಲಿ ಎಳೆ ಎಳೆಯಾಗಿ ಎದ್ದಿದ್ದ ಪೈರನ್ನು ತೋರಿಸಿದೆ.

"ಇಲ್ಲಿಂದ ಈಚೆ."

"ನಾನು ಬಿಟ್ಟುಹೋಗಿದ್ದು ಆ ಗುಂಡುಕಲ್ಲಿನ ನೇರಕ್ಕೆ, ಈ ಬೋಳಿಗಿಂತ ಆಚೆ ಅಂತ ನೆನಪು…"

"ಇಲ್ಲ ದೊಡ್ಡಪ್ಪ, ಅದನ್ನ ದಾಟಿ ಬಂದಿದ್ದೆ ನೀನು."

"ಹಂಗಾರೆ ಈ ಕೊಳವೆ ಬಿಡಿಸಿದ್ದು? ಯಾರೋ ಬಿಡಿಸವ್ರೆ. ಇಲ್ಲಿ ಸುರಿದದೆ ನೋಡು. ನಾನೇ ಬಿಡಿಸಿದ್ನಾ?"

ಆಗಲೂ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು.

"ಹೌದು. ಹನುಮಕ್ಕ ಬರೋಕೆ ಮುಂಚೆ. ಕಡ್ಡಿ ತಗೊಂಡು ನೀನೇ ಚುಚ್ಚಿದೆ. ನಾನು ನೋಡಿದೆ."

ದೊಡ್ಡಪ್ಪ ತಮ್ಮ ಬಲಗೈಯನ್ನು, ಬೇರೆ ಯಾರದೋ ವಸ್ತುವನ್ನು ನೋಡುವಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇದ್ದೀತು" ಎಂದರು. "ವಯಸ್ಸು." ಅವರು ನನ್ನ ಮಾತನ್ನು ಅನುಮಾನಿಸಲಿಲ್ಲ. ಮನೆಯಲ್ಲಿ ಹುಟ್ಟಿದವನ ಮಾತನ್ನು ಅನುಮಾನಿಸುವುದು ಅವರಿಗೆ ಗೊತ್ತೇ ಇರಲಿಲ್ಲ. ಅವರು ಅನುಮಾನಿಸಿದ್ದು ತಮ್ಮನ್ನೇ.

"ಹುಡುಗನ ಸಾಲು ನೋಡ್ರಪ್ಪಾ, ನೂಲು ಹಿಡಿದಂಗವೆ" ಎಂದು ಗವಿಯಪ್ಪ ನನ್ನ ಬೆನ್ನು ತಟ್ಟಿದ. ಎರಡು ವರ್ಷದಿಂದ ಬಯಸಿದ್ದ ಮಾತು. ಅದನ್ನು ದೊಡ್ಡಪ್ಪನ ಸಾಲಿನ ಮೇಲೆ ನಿಂತು ಕೇಳಿಸಿಕೊಂಡೆ.

ಒತ್ತು ಪೈರನ್ನು ಕಿತ್ತು ಬೋಳು ಸಾಲುಗಳಿಗೆ ನೆಟ್ಟರು. ಬೆಳೆಗೆ ಅಂಥ ನಷ್ಟವೇನೂ ಆಗಲಿಲ್ಲ. ಮುಂದಿನ ಮುಂಗಾರಿಗೆ, ಯಾರೂ ಕೇಳುವ ಮೊದಲೇ, ದೊಡ್ಡಪ್ಪ ಊರಮ್ಮನ ಗುಡಿಯ ಮುಂದೆ ವಲ್ಲಿಯನ್ನು ನನ್ನ ಸೊಂಟಕ್ಕೆ ಕಟ್ಟಿದರು. "ಇನ್ಮೇಲೆ ಇವನ ಕೈ." ನಲವತ್ತು ಮನೆಯ ಬೀಜವನ್ನು ನಾನು ಬೆರೆಸಿದೆ. ದೊಡ್ಡಪ್ಪ ಹಿಂದಿನ ಸಾಲಿನಲ್ಲಿ ನಿಂತು, ತಮ್ಮ ಹಿಡಿಗಾಗಿ ನನ್ನ ಮುಂದೆ ಕೈಯೊಡ್ಡಿದರು.

ಆ ದಿನದಿಂದ ನಾನು ಪ್ರತಿ ತಿರುವಿನಲ್ಲೂ ಬಗ್ಗಿದ್ದೇನೆ. ನನ್ನ ಹೊಲದಲ್ಲಿ ಬೋಳು ಸಾಲು ಮತ್ತೆ ಎದ್ದಿಲ್ಲ. ಆದರೆ ನಾನು ಆಡಿದ್ದ ಸುಳ್ಳು ಹೊಲದಲ್ಲೇ ನಿಲ್ಲದೆ ಮನೆಯೊಳಕ್ಕೂ ಬಂತು. ದೊಡ್ಡಪ್ಪ ಹಸುವಿನ ಹಗ್ಗ ಕಟ್ಟಿ ಹತ್ತು ಹೆಜ್ಜೆ ಬಂದವರು ತಿರುಗಿಹೋಗಿ ಗಂಟು ಮುಟ್ಟಿ ನೋಡುತ್ತಿದ್ದರು. ದೇವರ ಮುಂದೆ ದೀಪ ಹಚ್ಚಿ, "ಹಚ್ಚಿದ್ನೇನೇ?" ಎಂದು ಒಳಗಿನವಳನ್ನು ಕೇಳುತ್ತಿದ್ದರು.

"ಉರೀತಾ ಇದೆಯಲ್ಲ ಎದುರಿಗೇ! ಏನಾಗಿದೆ ಈ ಮನುಷ್ಯಂಗೆ?" ಎಂದು ದೊಡ್ಡಮ್ಮ ಮೊದಮೊದಲು ಗದರಿದಳು. ಆಮೇಲೆ ಗದರುವುದನ್ನು ಬಿಟ್ಟಳು. ಅದು ಇನ್ನೂ ಕಷ್ಟವಾಗಿತ್ತು.

ಆರು ವರ್ಷ ಕಳೆಯಿತು. ಆರನೆಯ ಬಿತ್ತನೆಯ ಮುಂಚಿನ ದಿನ ಬೆಳಗ್ಗೆ ಹುಲ್ಲು ತರಲು ಹಟ್ಟಿಯ ಹಿಂದಕ್ಕೆ ಹೋದೆ. ದೊಡ್ಡಪ್ಪ ನೆಲದ ಮೇಲೆ ನಾಲ್ಕು ಗೆರೆ ಎಳೆದುಕೊಂಡು, ನಡು ಬಗ್ಗಿಸಿ, ಮುಷ್ಟಿಯಿಂದ ಮರಳು ಇಳಿಸುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ನನ್ನನ್ನು ಕಂಡು, ಕದ್ದು ಸಿಕ್ಕಿಬಿದ್ದವರಂತೆ ಕೈ ಕೊಡವಿದರು.

"ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ. ನಗ್ತಾಳೆ. ಕೈ ಸರಿಹೋಯ್ತಾ ಅಂತ ವರ್ಷಕ್ಕೊಂದು ಸಲ ನೋಡ್ತೀನಿ, ಅಷ್ಟೆ."

ಹಾಗೆ ಅವರು ತಪ್ಪಿತಸ್ಥನ ನಗೆ ನಕ್ಕದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಹುಲ್ಲಿನ ಕುಡುಗೋಲು ಕೈಯಲ್ಲಿ ಹಿಡಿದೇ ಎಲ್ಲವನ್ನೂ ಹೇಳಿದೆ. ಬಗ್ಗದೆ ನಡೆದದ್ದು, ಕಡ್ಡಿ ಚುಚ್ಚಿದ್ದು, ಕಾಲಿನಿಂದ ಮಣ್ಣು ಎಳೆದದ್ದು, ಅವರ ಸಾಲನ್ನು ನನ್ನದೆಂದು ತೋರಿಸಿದ್ದು.

ಅವರು ನೆಲದ ಮೇಲಿನ ನಾಲ್ಕು ಗೆರೆಗಳನ್ನು ನೋಡಿದರು. "ಯಾವ ಕೊಳವೆ?" ಎಂದು ಕೇಳಿದರು.

"ಎಡಗಡೆಯಿಂದ ಎರಡನೇದು."

"ಗುಂಡುಕಲ್ಲಿನ ನೇರಕ್ಕೆ ತಾನೆ ನಾನು ಬಿಟ್ಟುಹೋಗಿದ್ದು?"

"ಹೌದು ದೊಡ್ಡಪ್ಪ."

"ನನ್ನ ನೆನಪು ಸರಿಯಾಗಿತ್ತು" ಎಂದರು. ಮತ್ತೊಮ್ಮೆ, ತಮಗೆ ತಾವೇ, "ಸರಿಯಾಗೇ ಇತ್ತು" ಎಂದರು. ಕಾಲಿಗೆ ಬೀಳಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡರು. ಒಂದು ಹಿಡಿ ಮರಳು ತೆಗೆದುಕೊಂಡು ನನ್ನ ಕಣ್ಣ ಮುಂದೆ ಹಿಡಿದರು. ಎಳೆ ಇಳಿಯಿತು, ನಡುಗಿತು, ತುಂಡಾಯಿತು, ದೊಪ್ಪನೆ ಬಿತ್ತು.

"ನೋಡು. ಆವಾಗ ಕೈ ನೆಟ್ಟಗಿತ್ತು. ನೀನು ಹೇಳ್ದೆ ಅಂತ ನಾನು ನಂಬಿದೆ, ನಾನು ನಂಬಿದೆ ಅಂತ ಕೈಯೂ ನಂಬ್ತು. ಈಗ ಏನ್ ಹೇಳಿದ್ರೂ ಅದು ಕೇಳಲ್ಲ."

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ.

"ನನಗೆ ಹೇಳಿ ಏನು ಬಂತು. ಅವತ್ತು ಹದಿನೈದು ಜನದ ಮುಂದೆ ಹೇಳ್ದಲ್ಲ, ಅಲ್ಲಿ ಹೇಳು. ಕೈ ಹೋದ್ರೆ ಹೋಗ್ಲಿ. ಸಣ್ಣೀರಪ್ಪ ಬೋಳು ಸಾಲು ಬಿತ್ತಿದ ಅನ್ನೋ ಮಾತು ಇಟ್ಕೊಂಡು ನಾನು ಸಾಯಕ್ಕಾಗಲ್ಲ."

ಅಂದೇ ಮಧ್ಯಾಹ್ನ ಬೀಜದ ಪೂಜೆ. ಗುಡಿಯ ಮುಂದೆ ಕಂಬಳಿ ಹಾಸಿತ್ತು, ಊರೆಲ್ಲ ಸೇರಿತ್ತು. ನಾನು ಬೀಜ ಮುಟ್ಟಲಿಲ್ಲ. ಕೈಮುಗಿದು ನಿಂತು, ಬೆಳಗ್ಗೆ ಹೇಳಿದ್ದನ್ನೇ ಒಂದೂ ಬಿಡದೆ ಹೇಳಿದೆ. ಇನ್ನು ಉಗಿಯುತ್ತಾರೆ, ಕಲ್ಲು ಬೀಸಿದರೂ ಬೀಸಿಯಾರು ಎಂದುಕೊಂಡೆ. ಉಗಿಯಲಿ ಎಂದೇ ಕಾದೆ.

ಗವಿಯಪ್ಪ ವಲ್ಲಿಯಿಂದ ಕಣ್ಣೊರಸಿಕೊಂಡ.

"ನೋಡ್ರಪ್ಪಾ, ಮಗ ಅಂದ್ರೆ ಇವನು. ಮುದುಕನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೋತಾವ್ನೆ! ಹೊಟ್ಟೇಲಿ ಹುಟ್ಟಿದೋರೂ ಹಿಂಗೆ ಮಾಡಲ್ಲ."

"ಇಲ್ಲ ಗವಿಯಪ್ಪಣ್ಣ, ನಿಜ ಹೇಳ್ತಿದ್ದೀನಿ! ಊರಮ್ಮನ ಆಣೆ!"

"ಆಣೆ ಬೇರೆ ಇಡ್ತಾನೆ ನೋಡ್ರಪ್ಪಾ" ಎಂದು ಯಾರೋ ಮೆಚ್ಚಿಕೊಂಡರು. ಹನುಮಕ್ಕ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು.

ಆಗ ದೊಡ್ಡಪ್ಪ ಎದ್ದು ನಿಂತರು. ಜೀವಮಾನದಲ್ಲಿ ತಮ್ಮ ಪರವಾಗಿ ಒಂದು ಮಾತು ಆಡಿದವರಲ್ಲ. "ಅವನು ಹೇಳಿದ್ದು ನಿಜ" ಎಂದರು. "ನಾನು ಗುಂಡುಕಲ್ಲಿನ ನೇರಕ್ಕೇ ಬಿಟ್ಟುಹೋಗಿದ್ದೆ. ನನಗೆ ಚೆನ್ನಾಗಿ ನೆನಪದೆ."

ಎಲ್ಲರೂ ತಲೆಯಾಡಿಸಿದರು. ಚಿಕ್ಕ ಮಕ್ಕಳ ಮಾತಿಗೆ ತಲೆಯಾಡಿಸುತ್ತೇವಲ್ಲ, ಹಾಗೆ. ಹಿಂದಿನಿಂದ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. "ಪಾಪ, ದೀಪ ಹಚ್ಚಿದ್ದೇ ನೆನಪಿರಲ್ಲ ಅವರಿಗೆ."

ದೊಡ್ಡಪ್ಪ ಕಂಬಳಿಯ ಮೇಲಿನ ಬೀಜಕ್ಕೆ ಕೈಮುಗಿದು ಹೊರಟರು. ನನ್ನನ್ನು ಜನ ಬಿಡಲಿಲ್ಲ. ಬೀಜ ಬೆರೆಸು ಎಂದು ಕೂರಿಸಿದರು. ಬೆರೆಸಿದೆ. ಕೊಟ್ಟೆ. ಆ ದಿನದಂತೆ ನನ್ನ ಹಿಡಿಯನ್ನು ಊರು ಹಿಂದೆಂದೂ ಕಣ್ಣಿಗೊತ್ತಿಕೊಂಡಿರಲಿಲ್ಲ.

ಅದಾದ ಮೇಲೆ ದೊಡ್ಡಪ್ಪ ಎರಡು ಮುಂಗಾರು ಬದುಕಿದ್ದರು. ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಈಗ ನನ್ನ ತಲೆಯೂ ನೆರೆತಿದೆ. ಊರು ಇಂದಿಗೂ ನನ್ನ ದೊಡ್ಡ ಮನಸ್ಸಿನ ಕತೆಯನ್ನು ಮಕ್ಕಳಿಗೆ ಹೇಳುತ್ತದೆ. ನಾನು ಎದ್ದುಹೋಗುತ್ತೇನೆ. ವಿನಯ ಎನ್ನುತ್ತಾರೆ.

ಅಂದು ಬೀಜ ಹಂಚಿ ಗುಡಿಯಿಂದ ಓಡುತ್ತ ಬಂದವನು, ಊರ ಹೊರಗೆ ನಮ್ಮ ಹೊಲದ ದಾರಿಯ ಹಳ್ಳದ ದಡದಲ್ಲಿ ನಿಂತಿದ್ದ ಅವರನ್ನು ಕೂಡಿಕೊಂಡೆ. ಹಿಂದಿನ ದಿನದ ಮಳೆಗೆ ಕೆಂಪು ನೀರು ಮೊಣಕಾಲುದ್ದ ಹರಿಯುತ್ತಿತ್ತು. ದಾಟುವ ಬಂಡೆಗಳ ಮೇಲೆ ಪಾಚಿ. ನಾನು ಮುಂದಾಗಿ ತೋಳು ಚಾಚಿದೆ. ದೊಡ್ಡಪ್ಪ ಅದನ್ನು ನೋಡಿದರು, ಹಿಡಿಯಲಿಲ್ಲ. ಪಂಚೆ ಎತ್ತಿ ಕಟ್ಟಿ, ಬಂಡೆಯ ಮೇಲೆ ಕೂತು, ಎರಡೂ ಅಂಗೈ ಊರಿ, ಮಗುವಿನಂತೆ ಒಂದೊಂದೇ ಬಂಡೆ ಜಾರಿಕೊಂಡು ಆಚೆ ದಡ ಸೇರಿದರು. ಎದ್ದು ನಿಂತರು. ತಿರುಗಿ ನೋಡಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ದಾಟಿ ಬರುವವರೆಗೂ, ನನಗೆ ಬೆನ್ನು ಹಾಕಿಕೊಂಡು, ಅಲ್ಲೇ ನಿಂತಿದ್ದರು.